ಎಮ್ಮೆ ತಿಂದ ಅಂಟಿನುಂಡಿ

ನನ್ನ ಬಾಯಿ ಕೆಟ್ಟದ್ದು ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಹಿಟ್ಟಿನ ಗಿರಣಿ ನಡೆಸುವವನು ಮೆತ್ತಗೆ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ, ಅದೊಂದು. ಜೋಳದಲ್ಲಿ ಕಲ್ಲು ಉಳಿಸಿಕೊಂಡು ತಂದವರನ್ನು, ಸರತಿ ತಪ್ಪಿಸಿ ತಮ್ಮ ಬುಟ್ಟಿ ಮುಂದೆ ಸರಿಸುವವರನ್ನು ಮುಖದ ಮೇಲೇ ಬೈದವನು ನಾನು, ಅದು ಇನ್ನೊಂದು. "ಅಂವಾ ಒಳಗೊಂದು ಹೊರಗೊಂದು ಇಟ್ಕೊಳ್ಳೂ ಮನಶ್ಯಾ ಅಲ್ಲ" ಎಂದು ಜನ ಆಡಿಕೊಂಡದ್ದು ಕಿವಿಗೆ ಬಿದ್ದಾಗ ಒಳಗೊಳಗೇ ಉಬ್ಬಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ನನ್ನ ಅಕ್ಕನಿಗೆ ಒಂದೇ ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ. ಕಡೆಗೆ ಅದನ್ನು ನಮ್ಮ ಎಮ್ಮೆ ಹೇಳಿತು.

ಇಮ್ಯುನಿಟಿ ಎಂಬ ಶಬ್ದ ನಮ್ಮ ಗಿರಣಿಗೆ ಬಂದದ್ದು ಕೊರೋನಾ ಜೊತೆಗೆ. ಕೊರೋನಾ ಹೋಯಿತು, ಶಬ್ದ ಮಾತ್ರ ಊರಿನಲ್ಲೇ ಉಳಿಯಿತು. ಅರಿಷಿಣ ಕೊಂಬು, ಒಣಶುಂಠಿ, ಮೆಣಸಿನಕಾಳು ಕೂಡಿಸಿ ಗಂಟು ಕಟ್ಟಿಕೊಂಡು ಬಂದು, "ಕಾಕಾ, ಇದು ಇಮ್ಯುನಿಟಿ ಪುಡಿ ಐತ್ರಿ, ಅಗದಿ ಸಣ್ಣಗ ಬೀಸ್ರಿ" ಅನ್ನುವವರು ಶುರುವಾದರು. ಅದನ್ನು ಬೀಸಿದ ಮೇಲೆ ಮುಂದಿನವರ ಜೋಳದ ಹಿಟ್ಟೆಲ್ಲ ಖಾರ. ರೊಟ್ಟಿ ಬಾಯಿಗಿಟ್ಟು ಉಗುಳಿದವರು ಬಂದು ನನ್ನನ್ನು ಬೈಯುವರು, ನಾನು ಪುಡಿಯವರನ್ನು ಬೈಯುವವನು. ನವಣೆ, ಸಾವೆ, ಮೊಳಕೆ ಕಟ್ಟಿ ಒಣಗಿಸಿದ ಹೆಸರು, ಎಲ್ಲ ಬಂದವು. ಎಲ್ಲರ ಫೋನಿನಲ್ಲೂ ಒಬ್ಬೊಬ್ಬ ವೈದ್ಯ ಕೂತಿದ್ದ.

ಹೋದ ವರ್ಷ ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ನನ್ನ ಹೆಂಡತಿಯ ಎದೆಯಲ್ಲಿ ಗಂಟು ಸಿಕ್ಕಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಕಿಮೋ ಶುರುವಾಯಿತು. ಮೊದಲ ಸಲ ಔಷಧ ಏರಿಸಿದ ದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು.

"ನೋಡ್ರಿ ಯಜಮಾನ್ರ, ಈ ಔಷಧಿ ರೋಗಾನೂ ಹೊಡೀತೈತಿ, ರೋಗದ ಜೋಡಿ ಬಡದಾಡೂ ಶಕ್ತೀನೂ ಹೊಡೀತೈತಿ. ಬಿಳಿ ರಕ್ತಕಣ ಇಳೀತಾವ. ಅವು ಇಳಿದಾಗ ಸಣ್ಣ ಜ್ವರ ಬಂದ್ರೂ ಜೀವಕ್ಕ ಕುತ್ತು. ಹಸೀದು ಏನೂ ಬ್ಯಾಡ. ಮಾಡಿ ಇಟ್ಟದ್ದು ಬ್ಯಾಡ, ಹೊರಗಿಂದ ಬಂದದ್ದು ಬ್ಯಾಡ. ನಿಮ್ಮ ಮನ್ಯಾಗ ಆಗಿಂದಾಗ ಬೇಯಿಸಿದ್ದು, ಬಿಸಿಬಿಸಿ, ಅಷ್ಟ."

"ಇಮ್ಯುನಿಟಿ ಏರಾಕ ಏನ್ ಕೊಡೂಣ್ರಿ?" ಎಂದು ಕೇಳಿದೆ. ನಾನೂ ಆ ಶಬ್ದ ಕಲಿತಿದ್ದೆನಲ್ಲ.

"ಹಂಗ ಒಂದ ಮದ್ದಿನಂಥಾದ್ದು ಏನೂ ಇಲ್ರಿ. ಬ್ಯಾಳಿ, ಹೆಸರು, ಕುದಿಸಿದ ಹಾಲು, ಚೊಲೋತಂಗ ಬೇಯಿಸಿದ ಪಲ್ಲೆ. ಹೊಟ್ಟಿ ತುಂಬ ಉಣ್ಣಲಿ, ಉಣ್ಣೂದು ಸ್ವಚ್ಛ ಇರ್ಲಿ. ಮಂದಿ ಬಂದು ಕುಂಡ್ರೂದನ್ನ ಕಡಿಮಿ ಮಾಡ್ರಿ."

ಅದು ಸುಲಭದ ಮಾತಾಗಿತ್ತು. ಆದರೆ ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಹೊಲದಿಂದ ಬರುವಾಗಲೇ ಹಕ್ಕರಿಕೆ ಸೊಪ್ಪು ಕಿತ್ತುಕೊಂಡು ಬರುವವರು, ಕಡೆದ ಮಜ್ಜಿಗೆ ತರುವವರು, ಅಮೃತಬಳ್ಳಿ ಅರೆದ ಹಸಿರು ರಸವನ್ನು ನೀರಿನ ಬಾಟಲಿಯಲ್ಲಿ ತರುವವರು, ಒಬ್ಬರ ಹಿಂದೆ ಒಬ್ಬರು ಬಂದರು. ಅವರಿಗೆಲ್ಲ ನಾನು ಬಾಗಿಲಲ್ಲೇ ಹೇಳಿಬಿಟ್ಟೆ: "ಡಾಕ್ಟರ್ ಬ್ಯಾಡ ಅಂದಾರ, ಒಯ್ರಿ." ಕೆಲವರು ಮುಖ ಸಣ್ಣದು ಮಾಡಿಕೊಂಡರು, ಕೆಲವರು "ಅಂವಂದು ಇದ್ದದ್ದ ಹಂಗ" ಅಂದುಕೊಂಡು ಹೋದರು. ನನಗೇನೂ ಅನಿಸಲಿಲ್ಲ.

ಆಮೇಲೆ ಅಕ್ಕ ಬಂದಳು.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಸತ್ತಾಗ ನಾನು ಇನ್ನೂ ಚಡ್ಡಿ ಸರಿಯಾಗಿ ಹಾಕಿಕೊಳ್ಳಲು ಬಾರದವನು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣ್ಣಿಸಿ ನನ್ನನ್ನು ದೊಡ್ಡವನನ್ನಾಗಿ ಮಾಡಿದವಳು ಅವಳು. ಅವಳನ್ನು ಇದೇ ಊರಿಗೆ, ಮೇಲಿನ ಓಣಿಗೆ ಕೊಟ್ಟದ್ದು. ಈಗ ಮಗ ಸೊಸೆಯ ಜೊತೆ ಇದ್ದಾಳೆ, ಮಂಡಿನೋವು, ನಾಲ್ಕು ಹೆಜ್ಜೆಗೊಮ್ಮೆ ಯಾರದಾದರೂ ಕಟ್ಟೆ ಹಿಡಿದು ನಿಲ್ಲುತ್ತಾಳೆ. ನಮ್ಮೂರಿನಲ್ಲಿ ಯಾರದೇ ಹೆರಿಗೆಯಾಗಲಿ, ಬಾಣಂತಿಗೆ ಮೊದಲ ಅಂಟಿನುಂಡಿ ಅಕ್ಕನ ಕೈಯದೇ ಆಗಬೇಕು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ ಹುರಿದು ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ ಬಿಸಿಯಿರುವಾಗಲೇ ಕಟ್ಟಬೇಕು. ಅಂಗೈ ಸುಟ್ಟರೂ ಅವಳು ಕೈ ತೆಗೆಯುವವಳಲ್ಲ. ನನ್ನ ಮಗಳ ಬಾಣಂತನದಲ್ಲೂ ಅವಳೇ ಕಟ್ಟಿದ್ದಳು.

ಬಿಸಿಲಿನಲ್ಲಿ ಏದುಸಿರು ಬಿಡುತ್ತ ಬಂದು, ಮುಚ್ಚಳ ನೆಗ್ಗಿದ ಸ್ಟೀಲಿನ ಡಬ್ಬಿಯನ್ನು ನನ್ನ ಕೈಗಿಟ್ಟಳು. "ದಿನಕ್ಕೊಂದು ತಿನ್ಸು. ಕಳಕೊಂಡ ರಕ್ತಾ ಎಲ್ಲಾ ತಿರುಗಿ ಬರತೈತಿ. ಮುಗದ ಮ್ಯಾಲ ಮತ್ತ ತರತೀನಿ."

"ಅಕ್ಕಾ..." ಅಂದೆ.

"ಏನೋ?"

"ಏನಿಲ್ಲ. ಇಂಥಾ ಬಿಸಿಲಾಗ ಯಾಕ ಬಂದಿ?"

ಮುಗಿಯಿತು. ಹೊರಗಿನದು ಬೇಡ ಎಂದು ಹೇಳಬೇಕಿತ್ತು. ಆದರೆ ಅಕ್ಕನ ಮುಂದೆ ನಿಂತು ನಿನ್ನ ಕೈಯದು ಹೊರಗಿನದು ಅಂತ ಹೇಗೆ ಹೇಳಲಿ? ನಾಳೆ ಹೇಳಿದರಾಯಿತು ಎಂದುಕೊಂಡೆ. ಒಳಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ, "ಈಗಿಂದೀಗ ಹೇಳಿಬಿಡ್ರಿ, ಅಕ್ಕಾರು ತಿಳೀದವರೇನಲ್ಲ" ಅಂದಳು. "ನನಗ ಗೊತ್ತೈತಿ, ನೀ ಸುಮ್ನ ಮಲಕೊ" ಎಂದು ಅವಳ ಮೇಲೆಯೇ ರೇಗಿದೆ.

ಉಂಡಿಗಳನ್ನು ನಾನೇ ತಿನ್ನಬಹುದಿತ್ತಲ್ಲ ಅನ್ನಬಹುದು. ನನಗೆ ಸಕ್ಕರೆ ಕಾಯಿಲೆ. ಆದರೂ ಮೊದಲೆರಡನ್ನು ತಿಂದೆ. ಆಜುಬಾಜಿನವರಿಗೆ ಕೊಡೋಣವೆಂದರೆ ಅಕ್ಕನ ಉಂಡಿಯ ರುಚಿ ಗೊತ್ತಿಲ್ಲದ ಮನೆ ನಮ್ಮ ಓಣಿಯಲ್ಲಿ ಒಂದೂ ಇಲ್ಲ, ಸಂಜೆಯೊಳಗೆ ಸುದ್ದಿ ಮೇಲಿನ ಓಣಿ ಮುಟ್ಟುತ್ತದೆ. ತಿಪ್ಪೆಗೆ ಚೆಲ್ಲಲು ಮನಸ್ಸು ಬರಲಿಲ್ಲ. ನಮ್ಮದು ಹಳೆಯ ಕಾಲದ ಮನೆ, ತಲಬಾಗಿಲು ದಾಟಿದ ಕೂಡಲೇ ಎಡಕ್ಕೆ ಎಮ್ಮೆ ಕಟ್ಟುವ ಜಾಗ, ಅದರ ಮುಂದೆ ಮೇವು ಹಾಕುವ ಗೋದಲಿ, ಬಲಕ್ಕೆ ಮೆಟ್ಟಿಲೇರಿದರೆ ಪಡಸಾಲೆ. ಒಂದು ಸಂಜೆ ಹಿಂಡಿ ಇಡಲು ಹೋದವನು ಡಬ್ಬಿಯನ್ನೂ ಒಯ್ದು ಗೋದಲಿಯಲ್ಲಿ ಒಂದು ಉಂಡಿ ಹಾಕಿದೆ. ಎಮ್ಮೆ ಮೂಸಿತು, ನಾಲಿಗೆ ಚಾಚಿತು, ತಿಂದು ನನ್ನ ಕೈಯನ್ನೂ ನೆಕ್ಕಿತು. ದಿನಕ್ಕೊಂದರಂತೆ ಹಾಕತೊಡಗಿದೆ. ಕಳ್ಳತನ ಮಾಡುವವನ ಹಾಗೆ ಮೊದಲು ಬಾಗಿಲು ಮುಂದೆ ಮಾಡುತ್ತಿದ್ದೆ.

ಇನ್ನು ಡಬ್ಬಿ. ಬಂದ ಡಬ್ಬಿಯನ್ನು ಖಾಲಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯೋ, ಕಾಳೋ, ಏನಾದರೂ ಹಾಕಿಯೇ ಕೊಡಬೇಕು. ನಮ್ಮಲ್ಲಿ ಏನಿದೆ, ಹಿಟ್ಟಿದೆ. ತೊಳೆದು ಒರೆಸಿ ಜೋಳದ ಹಿಟ್ಟು ತುಂಬಿ ಕಳಿಸಿದೆ. ಅಕ್ಕ ಅದನ್ನು ನೋಡಿ ಏನೆಂದುಕೊಳ್ಳಬೇಕು? ತುಂಬಿದ ಡಬ್ಬಿ ತಿರುಗಿ ಬಂತೆಂದರೆ ಕೊಟ್ಟದ್ದು ಹೊಟ್ಟೆ ಸೇರಿತು ಎಂದೇ ಅರ್ಥ. ಮುಂದಿನ ಸಲ ಉಂಡಿಗೆ ಅಳವಿ ಬೀಜವನ್ನೂ ಕುಟ್ಟಿ ಹಾಕಿ ತಂದಳು. ನಾನು ಮತ್ತೆ ಹಿಟ್ಟು ತುಂಬಿದೆ. ಅವಳು ಮತ್ತೆ ತಂದಳು.

"ತಿಂದ್ಲೇನೋ?" ಎಂದು ಕೇಳುವಳು.

"ತಿಂದ್ಲವಾ. ಚಟ್ ಮಾಡಿದ್ಲು."

ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಒಂದು ದಿನ ಅಕ್ಕನ ಸೊಸೆ ಜೋಳ ಬೀಸಿಸಲು ಬಂದಳು. ಹಿಟ್ಟು ಇಳಿಯುವುದನ್ನು ನೋಡುತ್ತ, "ಮಾವಾರ, ನಮ್ಮತ್ತಿ ಈಗ ರೊಟ್ಟಿಗೆ ತುಪ್ಪಾನ ಹಚ್ಕೊಳ್ಳಾಂಗಿಲ್ಲ ನೋಡ್ರಿ. ಇದ್ದ ತುಪ್ಪ ಎಲ್ಲಾ ಉಂಡಿಗಿರ್ಲಿ ಅಂತಾರ. ನೀವರ ಒಂದ್ ಮಾತು ಹೇಳ್ರಿ" ಎಂದಳು. ಗಿರಣಿಯ ಸಪ್ಪಳದಲ್ಲಿ ಕೇಳಿಸದವನ ಹಾಗೆ ನಾನು ಗಾಲಿಯ ಪಟ್ಟಾ ಸರಿ ಮಾಡುತ್ತ ಬಗ್ಗಿದೆ. ಅವಳು ಇನ್ನೊಂದು ಸಲ ಹೇಳಿದಳು. "ಹೂಂ, ಹೇಳ್ತೀನಿ" ಅಂದೆ. ಅವತ್ತು ಸಂಜೆಯೂ ಉಂಡಿ ಗೋದಲಿಗೇ ಹೋಯಿತು. ಅಕ್ಕನ ರೊಟ್ಟಿಯ ತುಪ್ಪ ಎಂದು ಗೊತ್ತಿದ್ದೂ ಹಾಕಿದೆ. ಥೂ.

ಎಮ್ಮೆಗೆ ಆ ಡಬ್ಬಿಯ ಗುರುತು ಹತ್ತಿತು. ಅಕ್ಕ ತಲಬಾಗಿಲು ದಾಟಿದರೆ ಸಾಕು, ಹಗ್ಗ ಜಗ್ಗಿ ಕತ್ತು ಚಾಚುತ್ತಿತ್ತು. "ನೋಡು, ನಾ ಬಂದ್ರ ನಿನ್ನ ಎಮ್ಮಿಗೆ ಎಷ್ಟ್ ಖುಷಿ" ಎಂದು ಅಕ್ಕ ಅದರ ಹಣೆ ತುರಿಸುವಳು. "ಅದು ಎಲ್ಲಾರಿಗೂ ಹಂಗ ಮಾಡತೈತಿ" ಎಂದು ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ಗಡಬಡಿಸಿ ಒಳಗೆ ಹೋಗುತ್ತಿದ್ದೆ. ಓಣಿಯವರು ಎಮ್ಮೆ ಮೈ ತುಂಬಿಕೊಂಡದ್ದನ್ನು ನೋಡಿ ಯಾವ ಹಿಂಡಿ ಹಾಕುತ್ತೀ ಎಂದು ಕೇಳತೊಡಗಿದ್ದರು.

ಹೆಂಡತಿಗೆ ಕೂದಲು ಉದುರಿತ್ತು, ತಲೆಗೆ ಸೆರಗು ಹೊದ್ದು ಗೋಡೆಗೆ ಒರಗಿರುತ್ತಿದ್ದಳು. ನಾನು ಕಲಿತು ಮಾಡಿದ ಬೇಳೆ ಅನ್ನವನ್ನು ದೂರು ಹೇಳದೆ ಉಣ್ಣುತ್ತಿದ್ದಳು. ಎರಡು ದಿನಕ್ಕೊಮ್ಮೆ ಅದೇ ಮಾತು: "ಹೇಳಿದ್ರ್ಯಾ?" ಎರಡು ದಿನಕ್ಕೊಮ್ಮೆ ಅದೇ ಉತ್ತರ: "ನಾಳಿ ಹೇಳ್ತೀನಿ." ಒಮ್ಮೆ ಅವಳು, "ಅಕ್ಕಾರಿಗೆ ನಾನ ಹೇಳ್ಲೇನು?" ಎಂದಾಗ, "ನಮ್ಮ ಅಕ್ಕಾ ತಮ್ಮನ ನಡುವ ನೀ ಬರಬ್ಯಾಡ" ಎಂದುಬಿಟ್ಟೆ. ಅವಳು ಆಮೇಲೆ ಕೇಳಲಿಲ್ಲ.

ನಾನು ಗಿರಣಿಯಲ್ಲಿದ್ದ ಒಂದು ಮಧ್ಯಾಹ್ನ ಅಕ್ಕ ಬಂದಿದ್ದಾಳೆ. ಮೊಮ್ಮಗಳ ಫೋನಿನಲ್ಲಿ ಯಾರೋ ಮೊಳಕೆ ಕಾಳಿನ ಮಹಿಮೆ ಹೇಳಿದ್ದನ್ನು ಕೇಳಿ, ಮೊಳಕೆ ಬಂದ ಹಸಿ ಹೆಸರುಕಾಳಿನ ಕೋಸಂಬರಿ ಮಾಡಿ, ಸವತೆಕಾಯಿ ಹೆಚ್ಚಿ ಹಾಕಿ ಲಿಂಬೆಹಣ್ಣು ಹಿಂಡಿ ತಂದಿದ್ದಳು. ನಾನು ಎದುರು ಇಲ್ಲದ್ದರಿಂದ ಸೀದಾ ಒಳಕೋಣೆಗೆ ಹೋಗಿ, ಹಾಸಿಗೆಯ ಬಾಜು ಕುಳಿತು, "ನನ್ನ ಮುಂದ ಎರಡು ತುತ್ತು ತಿನ್ನವಾ, ಕಣ್ಣಿಲೆ ನೋಡಿ ಹೋಗ್ತೀನಿ" ಅಂದಳಂತೆ. ನನ್ನ ಹೆಂಡತಿ ತಿಂದಳು.

ಎರಡನೆಯ ದಿನಕ್ಕೆ ಜ್ವರ ಬಂತು. ಮೈ ಕಾದ ಹಂಚಿನಂತಾಗಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಓಡಿದೆವು. ದಾರಿಯಲ್ಲಿ, "ಏನ್ ತಿಂದಿದ್ದಿ?" ಎಂದು ಕೇಳಿದಾಗ ಹೇಳಿದಳು. "ಮುಂದ ಕುಂತು ತಿನ್ನವಾ ಅಂದ್ರ ನಾ ಹೆಂಗ ಒಲ್ಲೆ ಅನ್ಲಿ? ನೀವ ಅನ್ನಲಿಲ್ಲ" ಎಂದಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು.

ರಕ್ತಕಣ ಪೂರಾ ಇಳಿದಿದ್ದವು. ಅವಳನ್ನು ಬೇರೆ ಕೋಣೆಯಲ್ಲಿ ಇಟ್ಟು ಸಲೈನ್ ಹಚ್ಚಿದರು. ಅಷ್ಟರಲ್ಲಿ ಅಕ್ಕ ಮಗನ ಬೈಕಿನ ಹಿಂದೆ ಕುಳಿತು ಬಂದು ಮುಟ್ಟಿದಳು. ಮಂಡಿ ಹಿಡಿದುಕೊಂಡು ವರಾಂಡದಲ್ಲಿ ನಡೆದು ಬರುತ್ತಿದ್ದವಳನ್ನು ನೋಡಿದ ಕೂಡಲೇ ನನ್ನ ಬಾಯಿ ಬಿಚ್ಚಿತು. ಇಷ್ಟು ದಿನ ಬಾರದ ಬಾಯಿ.

"ನಿನಗೇನ್ ಬುದ್ಧಿಗಿದ್ಧಿ ಐತೇನು? ಹಸಿ ಕಾಳು ತಿನ್ಸಿ ಆಕೀನ್ನ ಕೊಲ್ಲಾಕ ಹೊಂಟೀಯೇನು? ಯಾರು ತಾ ಅಂದಿದ್ರು ನಿನಗ?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ನಿಂತಲ್ಲೇ ನಿಂತಳು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಇಷ್ಟ ದಿವಸ ಎಲ್ಲಾ ತಿಂದಾಳಲ್ಲೋ ತಮ್ಮಾ" ಅಂದಳು. "ಡಬ್ಬಿ ತುಂಬಿ ಕಳಸೀದಿ. ಚಟ್ ಮಾಡಿದ್ಲು ಅಂತ ನೀನ ಅಂದಿ. ಬ್ಯಾಡ ಅಂತ ಯಾವತ್ತಂದಿ?"

"ಅದ ಬ್ಯಾರೆ, ಇದ ಬ್ಯಾರೆ!" ಎಂದು ಕೂಗಿದೆ. ಬೇರೆ ಹೇಗೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಸ್ವಲ್ಪ ಹೊತ್ತು ಹೆಂಡತಿಯ ಕೋಣೆಯ ಬಾಗಿಲನ್ನು ದೂರದಿಂದ ನೋಡಿ, "ಎಮ್ಮಿ ಹಸದಿರತೈತಿ. ನಾ ಹೋಗಿ ನೋಡ್ಕೋತೀನಿ, ನೀ ಇಲ್ಲೆ ಇರು" ಎಂದು ಮಗನ ಹೆಗಲು ಹಿಡಿದು ಹೊರಟುಹೋದಳು.

ಡಾಕ್ಟರಮ್ಮ ಬಂದಾಗ ಕೋಸಂಬರಿಯಿಂದಲೇ ಹೀಗಾಯಿತೇ ಎಂದು ಕೇಳಿದೆ. ಹೌದು ಅನ್ನಲಿ ಎಂದು ಒಳಗೊಳಗೇ ಕಾಯುತ್ತಿದ್ದೆ, ಅದನ್ನು ಈಗ ಬರೆಯಲೂ ಹೇಸಿಕೆಯಾಗುತ್ತದೆ. "ಇದರಿಂದನ ಅಂತ ಹೇಳಾಕ ಬರಾಂಗಿಲ್ರಿ. ಕಣ ಇಳಿದಾಗ ಯಾವುದರಿಂದಾನೂ ಬರಬಹುದು" ಎಂದರು ಅವರು. ಅಕ್ಕ, ಡಬ್ಬಿ, ಉಂಡಿ ಎಲ್ಲ ಕೇಳಿ ತಿಳಿದುಕೊಂಡು, "ಅಷ್ಟು ಪ್ರೀತಿಯವರು ಇದ್ದಾರಂದ್ರ, ನಿಮ್ಮ ಮನೀಗೆ ಬಂದು ನಿಮ್ಮ ಒಲಿ ಮ್ಯಾಲ ಬಿಸಿಬಿಸಿ ಮಾಡಿ ಹಾಕ್ರಿ ಅಂದಿದ್ರ ಆಗತಿತ್ತಲ್ರಿ" ಅಂದರು. ಹೌದಲ್ಲ. ಇಷ್ಟೇ ಇತ್ತಲ್ಲ.

ಜ್ವರ ಇಳಿಯುವವರೆಗೆ ನಾನು ಆ ಬೆಂಚಿನ ಮೇಲೆಯೇ ಇದ್ದೆ. ಅಕ್ಕನಿಗೆ ಫೋನ್ ಮಾಡಲಿಲ್ಲ. ಇಳಿಯಿತು, ಕಣಗಳು ಏರಿದವು, ಹೆಂಡತಿ ಬದುಕಿದಳು. ಊರಿಗೆ ಕರೆದುಕೊಂಡು ಬಂದು ಒಳಕೋಣೆಯಲ್ಲಿ ಮಲಗಿಸಿದೆ. ಮಾತಾಡಿಸಲು ಬಂದ ನಾಲ್ಕು ಮಂದಿಯನ್ನು ಪಡಸಾಲೆಯಲ್ಲೇ ತಡೆದು ಕೂರಿಸಿದೆ. ಎಮ್ಮೆಯ ಮೈ ತೊಳೆದಿತ್ತು, ನೆಲ ಗುಡಿಸಿತ್ತು, ಗೋದಲಿಯಲ್ಲಿ ಹೊಸ ಕಣಕಿ ಮೇವು ಇತ್ತು. ಆಗ ತಲಬಾಗಿಲಲ್ಲಿ ಅಕ್ಕ ಕಾಣಿಸಿದಳು. ಕೈಯಲ್ಲಿ ಅದೇ ಡಬ್ಬಿ.

ಎಮ್ಮೆ ಎದ್ದು ನಿಂತಿತು. ಹಗ್ಗ ಜಗ್ಗಿ, ಕತ್ತು ಚಾಚಿ, ಊಂ ಎಂದು ಕೂಗಿತು. ಅಕ್ಕ ಮೆಟ್ಟಿಲು ಹತ್ತಲಿಲ್ಲ. ಎಡಕ್ಕೆ ತಿರುಗಿ, ಡಬ್ಬಿಯ ನೆಗ್ಗಿದ ಮುಚ್ಚಳ ತೆಗೆದು ಅದರ ಮುಂದೆ ಹಿಡಿದಳು. ಡಬ್ಬಿ ಖಾಲಿ ಇತ್ತು. ಎಮ್ಮೆ ಮೂತಿಯನ್ನು ಒಳಗೆ ತುರುಕಿ ತಳವನ್ನು ಖರಖರ ನೆಕ್ಕತೊಡಗಿತು. ಪಡಸಾಲೆಯಲ್ಲಿ ಕೂತವರು ಬಗ್ಗಿ ನೋಡಿದರು.

"ನಿನ್ನ ಎಮ್ಮಿಗೆ ನನ್ನ ಡಬ್ಬಿ ಗುರ್ತ ಐತಿ ನೋಡೋ ತಮ್ಮಾ" ಅಂದಳು ಅಕ್ಕ. "ನೀ ಇಲ್ಲದಾಗ ಹಾಲು ಹಾಕ್ಕೊಳ್ಳಾಕಂತ ಇದನ್ನ ತಂದಿದ್ದೆ. ಅವತ್ತ ತಿಳೀತು. ಗೋದಲ್ಯಾಗ ಕೈಯಾಡ್ಸಿದ್ರ ಕೊಬ್ಬರಿ ಚೂರು ಸಿಕ್ವು."

ಅವಳು ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಬೈಯಲಿಲ್ಲ. ಕೂತವರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ, "ಬರ್ತೀವ್ರಿ, ಹೊಲದಾಗ ಕೆಲಸ ಐತಿ" ಎಂದು ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಅಕ್ಕನನ್ನು ಬಳಸಿಕೊಂಡು ಹೊರಗೆ ಹೋದರು.

"ಅಕ್ಕಾರ, ಒಳಗ ಬರ್ರಿ" ಎಂದು ಕೋಣೆಯಿಂದ ಹೆಂಡತಿಯ ಸಣ್ಣ ಧ್ವನಿ ಬಂತು. ಅಕ್ಕ ಡಬ್ಬಿಯನ್ನು ಗೋದಲಿಯ ಕಟ್ಟೆಯ ಮೇಲೆ ಇಟ್ಟು, ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡಳು. ನನ್ನ ಕಡೆ ನೋಡಲಿಲ್ಲ. "ಏನ್ ಉಣತೀ ಹೇಳವಾ, ನಿಮ್ಮ ಒಲಿ ಮ್ಯಾಲ ಮಾಡ್ತೀನಿ" ಎಂದು ಬಾಗಿಲಾಚೆಯಿಂದಲೇ ಅವಳನ್ನು ಕೇಳಿದಳು. ಹೆಸರುಬೇಳೆ ಹುಗ್ಗಿ ಆಯಿತು, ನುಗ್ಗೆಸೊಪ್ಪು ಬೇಯಿಸಿ ಪಲ್ಲೆ ಆಯಿತು. ಹೆಂಡತಿ ಎಷ್ಟೋ ದಿನದ ಮೇಲೆ ಇನ್ನೊಂದಿಷ್ಟು ಹಾಕಿಸಿಕೊಂಡು ಉಂಡಳು. ನನ್ನ ತಾಟಿಗೂ ಬಡಿಸಿ ಅಕ್ಕ ಎದುರು ನಿಂತಳು. "ಒಲ್ಲೆ ಅನ್ನೂದಿದ್ರ ಈಗ ಅನ್ನು" ಅಂದಳು. ನಾನು ತಲೆ ಎತ್ತದೆ ಉಂಡೆ.

ಆಮೇಲೆ ಕಿಮೋ ಮುಗಿಯುವವರೆಗೆ ಅಕ್ಕ ಬೆಳಿಗ್ಗೆ ಬಂದು ಬೇಯಿಸಿಟ್ಟು ಹೋದಳು. ನನ್ನ ಜೊತೆ ಉಪ್ಪು ಎಲ್ಲಿ, ಬೇಳೆ ಮುಗಿದಿದೆ ಎಂಬಷ್ಟೇ ಮಾತು. ಡಬ್ಬಿ ನಮ್ಮ ಅಡುಗೆಮನೆಯ ನಾಗೊಂದಿ ಹಲಗೆಯ ಮೇಲೆ ಉಳಿಯಿತು. ಒಮ್ಮೆ ಹಿಟ್ಟು ತುಂಬಿ ಕೊಡಲು ಹೋದೆ. "ಅಲ್ಲೇ ಇರ್ಲಿ" ಎಂದು ಚಪ್ಪಲಿ ಮೆಟ್ಟಿದಳು. ಎಮ್ಮೆ ಈಗಲೂ ಅವಳನ್ನು ಕಂಡರೆ ಕತ್ತು ಚಾಚುತ್ತದೆ, ಅವಳು ಹಣೆ ತುರಿಸುವುದಿಲ್ಲ.

ಮೊನ್ನೆ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ, ಇನ್ನು ಎಲ್ಲರ ಹಾಗೆ ಎಲ್ಲ ಉಣ್ಣಬಹುದು ಎಂದರು. ಹೆಂಡತಿಯ ತಲೆಯಲ್ಲಿ ಸಣ್ಣ ಕೂದಲು ಮೂಡಿವೆ. ಮನೆಗೆ ಬಂದವಳೇ ನಾಗೊಂದಿಯ ಕಡೆ ನೋಡಿ, "ನನಗ ಅಕ್ಕಾರ ಕೈಯಾನ ಅಂಟಿನುಂಡಿ ತಿನ್ನಬೇಕಾಗೇತಿ. ನಾ ಕೇಳಾಂಗಿಲ್ಲ, ನೀವ ಹೋಗಿ ಕೇಳ್ರಿ" ಎಂದಳು. ನಾಳೆ ಹೋಗುತ್ತೇನೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಡಬ್ಬಿ ತೊಳೆದು ಒರೆಸಿದೆ. ಹಿಟ್ಟು ತುಂಬಲಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡು ಮೇಲಿನ ಓಣಿಗೆ ನಡೆಯುವಾಗ ಗಿರಣಿಗೆ ಬರುವ ಮಂದಿಯೆಲ್ಲ ಕಟ್ಟೆಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಅಕ್ಕ ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದಳು. ಡಬ್ಬಿಯನ್ನು ಅವಳ ಮುಂದೆ ಇಟ್ಟು, "ಅಕ್ಕಾ, ಅಂಟಿನುಂಡಿ ಬೇಕಾಗಿತ್ತು" ಅಂದೆ.

ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು. ಖಾಲಿ ಎಂದು ಕಂಡಿತು. ಮುಚ್ಚಳ ಹಾಕದೆ ನನ್ನ ಮುಖ ನೋಡಿದಳು. ನಗುತ್ತಿರಲಿಲ್ಲ.

"ಯಾರಿಗೋ ತಮ್ಮಾ?"

"ನನ್ನ ಹೇಣ್ತಿಗೆ" ಅಂದೆ. ಧ್ವನಿ ಹೊರಗೆ ಬರಲೇ ಇಲ್ಲ, ಇನ್ನೊಂದು ಸಲ ಹೇಳಬೇಕಾಯಿತು.